ಆನ್‌ಲೈನ್ ಸಂಗೀತ ಪಾಠದಲ್ಲಿ ಸಕ್ರಿಯ ಆಲಿಸುವಿಕೆ

ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಮುಖ್ಯವಾಗಿ ಮೂರು ಅರ್ಥಗಳು ಬಳಕೆಯಲ್ಲಿವೆ. ಹಾಡು ಕೇಳಿದೆ ಎಂದಾಗ ಅದು ಕಿವಿಯ ಕೆಲಸ; ದಾರಿ ಕೇಳಿದೆ ಎಂದಾಗ ಅದು ಪ್ರಶ್ನೆ; ಹಿರಿಯರ ಮಾತು ಕೇಳಿದೆ ಎಂದಾಗ ಅದು ವಿಧೇಯತೆ. ನಮ್ಮ ಶಾಲೆಗಳಲ್ಲಿಯೂ ಸಂಗೀತದ ಮನೆಪಾಠಗಳಲ್ಲಿಯೂ ಈ ಮೂರು ಅರ್ಥಗಳು ಸಮನಾಗಿ ಹಂಚಿಕೆಯಾಗಿಲ್ಲ. ಗುರು ಪಾಠ ಹೇಳುತ್ತಾನೆ, ಶಿಷ್ಯ ಪಾಠ ಕೇಳುತ್ತಾನೆ ಎಂಬ ರೂಢಿಯ ಮಾತಿನಲ್ಲಿ ಮೊದಲನೆಯ ಮತ್ತು ಮೂರನೆಯ ಅರ್ಥಗಳೆರಡೂ ಶಿಷ್ಯನ ಪಾಲಿಗೆ ಬಂದಿವೆ. ಎರಡನೆಯದು ಇಬ್ಬರ ಪಾಲಿಗೂ ಅಷ್ಟಾಗಿ ಬಂದಿಲ್ಲ. ಗುರುವೂ ಕೇಳುವವನೇ ಎಂಬುದನ್ನು ಸೂಚಿಸುವ ಮಾತೊಂದು ನಮ್ಮಲ್ಲಿ ಇಲ್ಲದಿಲ್ಲ. 'ಪಾಠ ಒಪ್ಪಿಸುವುದು' ಎಂಬುದೇ ಆ ಮಾತು. ಶಿಷ್ಯ ಒಪ್ಪಿಸುವಾಗ ಗುರು ಕೇಳಲೇಬೇಕು. ಆದರೆ ಈ ಕೇಳುವಿಕೆಯನ್ನು ತಪ್ಪು ಹಿಡಿಯುವ ಕೆಲಸವೆಂದು ಭಾವಿಸಲಾಗಿದೆಯೇ ಹೊರತು, ಅದಕ್ಕೂ ಒಂದು ಅಭ್ಯಾಸ ಮತ್ತು ಶಿಸ್ತು ಬೇಕೆಂಬ ವಿಚಾರ ಹೆಚ್ಚಾಗಿ ಚರ್ಚೆಗೆ ಬಂದಿಲ್ಲ. ಅಂತರಜಾಲದ ಮೂಲಕ ನಡೆಯುವ ಕರ್ನಾಟಕ ಸಂಗೀತದ ಹಾಡಿಕೆಯ ಪಾಠವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಕೊರತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶ್ರವಣ, ಮನನ, ನಿದಿಧ್ಯಾಸನ ಎಂಬ ತ್ರಯವು ಬೃಹದಾರಣ್ಯಕ ಉಪನಿಷತ್ತಿನಷ್ಟು ಹಳೆಯದು. ಅದು ಕಲಿಯುವವನ ಸಾಧನೆಯ ಕ್ರಮವನ್ನು ಹೇಳುತ್ತದೆ. ಕಲಿಸುವವನ ಕಿವಿಯ ಬಗ್ಗೆ ಅಲ್ಲಿ ಪ್ರಸ್ತಾಪವಿಲ್ಲ. 'ಸಕ್ರಿಯ ಆಲಿಸುವಿಕೆ' ಎಂಬ ಆಧುನಿಕ ಪರಿಕಲ್ಪನೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದುದು. ಅಮೆರಿಕದ ಮನೋವಿಜ್ಞಾನಿಗಳಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಅವರು 1957ರಲ್ಲಿ ಇದೇ ಹೆಸರಿನ ಕಿರುಹೊತ್ತಗೆಯೊಂದನ್ನು ಬರೆದರು. ಅದರಲ್ಲಿ ಆಲಿಸುವ ಹೊಣೆ ಬೀಳುವುದು ಅಧಿಕಾರದ ಸ್ಥಾನದಲ್ಲಿರುವವನ ಮೇಲೆ, ನೆರವಾಗಬೇಕಾದವನ ಮೇಲೆ. ಎದುರಿನವನ ಮಾತನ್ನು ಕೂಡಲೇ ತೂಗಿ ತೀರ್ಪು ಕೊಡದೆ, ತನಗೆ ಅರ್ಥವಾದುದನ್ನು ಅವನಿಗೇ ತಿರುಗಿ ಹೇಳಿ, ಸರಿಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಅದರ ಮುಖ್ಯ ಕ್ರಮ. ಅಂದರೆ ಗುರುವೇ ಶಿಷ್ಯನಿಗೆ ಒಪ್ಪಿಸಬೇಕು. ನಮ್ಮ ಪರಂಪರೆಗೆ ಇದು ತಲೆಕೆಳಗಾದ ಮಾತಾಗಿ ಕಾಣಬಹುದು. ಆನ್‌ಲೈನ್ ಪಾಠದಲ್ಲಿ ಇದು ಅನಿವಾರ್ಯವಾಗುತ್ತದೆ ಎಂಬುದನ್ನು ಮುಂದೆ ತೋರಿಸಲಾಗಿದೆ.

ದೂರದಿಂದ ಸಂಗೀತ ಕಲಿಯುವುದು ಹೊಸದಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದುದು ಸರ್ವವಿದಿತ. ಆದರೆ ಆ ದೂರ ಗುರುವಿನ ಮನೆಯ ಹೊಸ್ತಿಲಿನಲ್ಲಿ ಮುಗಿಯುತ್ತಿತ್ತು. ಪಾಠದ ಒಳಗೇ ದೂರ ಪ್ರವೇಶಿಸಿದ್ದು ಅಂತರಜಾಲದಿಂದ. 2003ರಲ್ಲಿ ಬಂದು 2025ರ ಮೇ ತಿಂಗಳಲ್ಲಿ ನಿಂತುಹೋದ ಸ್ಕೈಪ್‌ನ ಮೂಲಕ ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಮೈಸೂರು, ಬೆಂಗಳೂರಿನ ವಿದ್ವಾಂಸರಲ್ಲಿ ಪಾಠ ಹೇಳಿಸಿಕೊಳ್ಳುವ ಪದ್ಧತಿ ಬೆಳೆಯಿತು. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಪಕ್ಕದ ಬೀದಿಯ ಶಿಷ್ಯರನ್ನೂ ಪರದೆಯ ಆಚೆಗೆ ಕಳುಹಿಸಿತು. ಆ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿದ್ದೂ, ಜುಲೈನಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿದ್ದೂ ಶಾಲೆಗಳಿಗೆ ಸಂಬಂಧಿಸಿದ ಸಂಗತಿಗಳು. ಮನೆಯಲ್ಲಿ ಸಂಗೀತ ಹೇಳಿಕೊಡುವವರು ಆ ಚರ್ಚೆಯ ಹೊರಗೇ ಉಳಿದು, ತಮಗೆ ತೋಚಿದಂತೆ ಫೋನನ್ನು ಪುಸ್ತಕಗಳ ರಾಶಿಗೆ ಒರಗಿಸಿಕೊಂಡು ಪಾಠ ಮುಂದುವರಿಸಿದರು. ನಾನೂ ಅವರಲ್ಲಿ ಒಬ್ಬ.

ಈ ಮಾಧ್ಯಮದಲ್ಲಿ ಮೊದಲು ಎದುರಾಗುವುದು ವಿಳಂಬ. ಹತ್ತು ಭಾಷೆಗಳ ಸಂಭಾಷಣೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. (ಆ ಹತ್ತರಲ್ಲಿ ಭಾರತೀಯ ಭಾಷೆ ಒಂದೂ ಇರಲಿಲ್ಲ, ಕನ್ನಡದ ಮಟ್ಟಿಗೆ ಇಂಥ ಅಳತೆ ನಡೆಯಬೇಕಾದದ್ದೇ.) ದೂರವಾಣಿಯ ಅಂತರರಾಷ್ಟ್ರೀಯ ಮಾನದಂಡವು ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಉತ್ತಮವೆನ್ನುತ್ತದೆ. ಮಾತಿಗೆ ಇದು ಸಾಕು. ಜೊತೆಗೂಡಿ ಹಾಡುವುದಕ್ಕೆ, ನುಡಿಸುವುದಕ್ಕೆ ಸಾಲದು. ಅಲ್ಲಿ 25ರಿಂದ 30 ಮಿಲಿಸೆಕೆಂಡು ಮೀರಿದರೆ ಲಯ ಸಡಿಲವಾಗತೊಡಗುತ್ತದೆಂದು ಪ್ರಯೋಗಗಳು ತೋರಿಸಿವೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, 30 ಮಿಲಿಸೆಕೆಂಡು ಎಂದರೆ ಹತ್ತು ಮೀಟರಿನ ದೂರ, ದೊಡ್ಡ ವೇದಿಕೆಯೊಂದರ ಈ ಬದಿಯಿಂದ ಆ ಬದಿ. 150 ಮಿಲಿಸೆಕೆಂಡು ಎಂದರೆ ಐವತ್ತು ಮೀಟರ್ ಆಚೆ ಕುಳಿತ ಗುರುವಿನೊಡನೆ ದನಿಗೂಡಿಸಿದಂತೆ. ಹೀಗಾಗಿ ಗುರು ಶಿಷ್ಯರು ಒಟ್ಟಿಗೆ ಹಾಡುವುದು, ನಮ್ಮ ಪಾಠಕ್ರಮದ ಬೆನ್ನೆಲುಬಾದ ಆ ಕ್ರಿಯೆ, ಆನ್‌ಲೈನ್ ಪಾಠದಲ್ಲಿ ಇಲ್ಲವಾಯಿತು.

ತಾಳದ ವಿಷಯದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಗುರು ಆದಿತಾಳವನ್ನು ಸೆಕೆಂಡಿಗೆ ಒಂದು ಅಕ್ಷರದಂತೆ ಹಾಕುತ್ತಿದ್ದಾನೆ, ಶಿಷ್ಯೆ ಪರದೆಯ ಮೇಲಿನ ಅವನ ಕೈಯನ್ನು ನೋಡಿಕೊಂಡು ಸರಳೆ ವರಸೆ ಹಾಡುತ್ತಿದ್ದಾಳೆ ಎಂದು ಭಾವಿಸೋಣ. ಗುರುವಿನ ಘಾತ ಅವಳಿಗೆ ಕಾಣುವುದು 150 ಮಿಲಿಸೆಕೆಂಡು ತಡವಾಗಿ. ಅವಳು ಅದಕ್ಕೆ ಸರಿಯಾಗಿ ಹಾಡಿದ ಸ್ವರ ಗುರುವಿಗೆ ಕೇಳಿಸುವುದು ಇನ್ನೂ 150 ಮಿಲಿಸೆಕೆಂಡು ತಡವಾಗಿ. ಒಟ್ಟು 300. ಮೂರನೆಯ ಕಾಲದಲ್ಲಿ ಅಕ್ಷರಕ್ಕೆ ನಾಲ್ಕು ಸ್ವರಗಳಿರುವುದರಿಂದ ಒಂದು ಸ್ವರದ ಅವಧಿ 250 ಮಿಲಿಸೆಕೆಂಡು. ಎಂದರೆ, ಲಯ ಕೂದಲೆಳೆಯಷ್ಟೂ ತಪ್ಪದೆ ಹಾಡುತ್ತಿರುವ ಹುಡುಗಿ ಗುರುವಿನ ಕಿವಿಗೆ ಒಂದು ಸ್ವರಕ್ಕಿಂತಲೂ ಹೆಚ್ಚು ಹಿಂದೆ ಬಿದ್ದಂತೆ ಕೇಳುತ್ತಾಳೆ. 'ತಾಳ ಎಳೀತಿದ್ದೀಯಮ್ಮ' ಎಂದು ಗುರು ಗದರಿಸುತ್ತಾನೆ. ಅವಳು ಆತುರಪಟ್ಟು ಮುಂದೆ ಓಡುತ್ತಾಳೆ. ಸರಿಯಾಗಿದ್ದ ಲಯ ಈಗ ನಿಜವಾಗಿಯೂ ಕೆಡುತ್ತದೆ. ಪರಿಹಾರ ಸರಳವಾದುದು: ಗುರು ಕೈ ಮಡಚಿಕೊಂಡು ಕುಳಿತು, ಶಿಷ್ಯೆಯೇ ತಾಳ ಹಾಕಿಕೊಳ್ಳುವಂತೆ ಮಾಡಿ, ಅವಳ ಕೈಗೂ ಅವಳ ದನಿಗೂ ಇರುವ ಸಂಬಂಧವನ್ನು ಮಾತ್ರ ಗಮನಿಸಬೇಕು. ಅವೆರಡೂ ಹೆಚ್ಚು ಕಡಿಮೆ ಜೊತೆಯಾಗಿಯೇ ಬಂದು ತಲುಪುತ್ತವೆ. ಆದರೆ ಸ್ವಂತ ತಾಳವನ್ನು ಬಿಟ್ಟುಕೊಟ್ಟು ಶಿಷ್ಯೆಯ ತಾಳದೊಳಗೆ ಕುಳಿತು ಕೇಳುವುದು ನಮ್ಮಲ್ಲಿ ಅನೇಕರಿಗೆ ಸುಲಭವಾಗಲಿಲ್ಲ.

ಮಾಧ್ಯಮದ ದೋಷವನ್ನು ಮನುಷ್ಯನ ದೋಷವೆಂದು ತಿಳಿಯುವ ಈ ಪ್ರವೃತ್ತಿ ಸಂಗೀತಕ್ಕೆ ಸೀಮಿತವಲ್ಲ. ಬರ್ಲಿನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೂರವಾಣಿಯ ವಿಳಂಬ ಹೆಚ್ಚಿದಂತೆ ಮಾತನಾಡುವವರು ಎದುರಿನವರನ್ನು ಕಡಿಮೆ ಗಮನವುಳ್ಳವರೆಂದು ಭಾವಿಸಿದ್ದು ಕಂಡುಬಂದಿತು. ತಪ್ಪು ತಂತಿಯದು, ಆರೋಪ ವ್ಯಕ್ತಿಯ ಮೇಲೆ. ಗುರು–ಶಿಷ್ಯರಲ್ಲಿ ಆರೋಪ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದನ್ನು ಇದಕ್ಕೆ ಸೇರಿಸಬೇಕು. ಶಿಷ್ಯೆ ತಿರುಗಿ ಹೇಳುವುದಿಲ್ಲ.

ನನ್ನ ಅನುಭವದ ಒಂದು ನಿದರ್ಶನವನ್ನು ಇಲ್ಲಿ ಕೊಡುವುದು ಅಪ್ರಸ್ತುತವಾಗಲಾರದು. ಸಿಂಗಪುರದಲ್ಲಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳು 2020ರ ಮಳೆಗಾಲದಲ್ಲಿ ನನ್ನಲ್ಲಿ ಜಂಟಿ ವರಸೆ ಕಲಿಯುತ್ತಿದ್ದಳು. ಅವಳ ಷಡ್ಜ ಪ್ರತಿ ಪಾಠದಲ್ಲಿಯೂ ತುಸು ಇಳಿದೇ ಇರುತ್ತಿತ್ತು. ತಿದ್ದಿದೆ. ಅವಳು ಏರಿಸಿ ಹಾಡಿದಳು. ಮುಂದಿನ ಪಾಠಕ್ಕೆ ಮತ್ತೆ ಇಳಿದಿತ್ತು. ಮೂರು ವಾರ ಹೀಗೆ ನಡೆಯಿತು. ಅವಳಿಗೆ ಶ್ರುತಿಜ್ಞಾನವೇ ಕಡಿಮೆ ಎಂಬ ನಿರ್ಧಾರಕ್ಕೆ ನಾನು ಬಂದಿದ್ದೆ. ಒಂದು ಸಂಜೆ ಹಿಂದಿನಿಂದ ಅವಳ ಅಜ್ಜಿಯ ದನಿ ಕೇಳಿಸಿತು: 'ತಪ್ಪು ತಿಳೀಬೇಡಿ ಮೇಷ್ಟ್ರೇ, ಇಲ್ಲಿ ತಂಬೂರಿಗೆ ಸರಿಯಾಗೇ ಹಾಡ್ತಿದಾಳಲ್ಲ.' ತಂಬೂರಿಯೆ? ನನಗೆ ತಂಬೂರಿ ಕೇಳಿಸಿಯೇ ಇರಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು. ಅವಳ ಮನೆಯಲ್ಲಿಯೂ ಫೋನಿನ ತಂಬೂರಿ ನುಡಿಯುತ್ತಿತ್ತು, ನನ್ನಲ್ಲಿಯೂ ನುಡಿಯುತ್ತಿತ್ತು. ಎಡೆಬಿಡದೆ ಒಂದೇ ಸಮನೆ ಬರುವ ನಾದವನ್ನು ಫ್ಯಾನಿನ ಸದ್ದಿನಂತೆ ಅನಗತ್ಯ ಗದ್ದಲವೆಂದು ಬಗೆದು ಅಳಿಸಿಹಾಕುವುದು ಇಂಥ ಸಂವಹನ ತಂತ್ರಾಂಶಗಳ ಸ್ವಭಾವ. ಅವು ಅವಳ ತಂಬೂರಿಯನ್ನು ನನಗೂ, ನನ್ನ ತಂಬೂರಿಯನ್ನು ಅವಳಿಗೂ ತಲುಪಿಸಲಿಲ್ಲ. ಎರಡು ತಂಬೂರಿಗಳ ಶ್ರುತಿಯ ನಡುವೆ ಅರ್ಧ ಸ್ವರಸ್ಥಾನಕ್ಕಿಂತಲೂ ಕಡಿಮೆ ವ್ಯತ್ಯಾಸವಿತ್ತು. ಹುಡುಗಿ ತನ್ನ ತಂಬೂರಿಗೆ ಸರಿಯಾಗಿ ಹಾಡುತ್ತಿದ್ದಳು. ನಾನು ತಿದ್ದಿದಾಗಲೆಲ್ಲ ತನ್ನ ಶ್ರುತಿಯನ್ನು ಬಿಟ್ಟು ನನ್ನ ಮಾತಿಗೆ ಹೊಂದಿಕೊಳ್ಳುತ್ತಿದ್ದಳು. ಅವಳು ಏಕೆ ಹೇಳಲಿಲ್ಲ ಎಂದು ಕೇಳಿದೆ. 'ನೀವು ಹೇಳಿದ್ದು ಕೇಳಬೇಕು ಅಂತ ಅಮ್ಮ ಹೇಳಿದಾರೆ' ಎಂದಳು. ಲೇಖನದ ಆರಂಭದಲ್ಲಿ ಹೇಳಿದ ಮೂರನೆಯ ಅರ್ಥವು ಮೊದಲನೆಯದನ್ನು ನುಂಗಿದ ಬಗೆ ಇದು. ಅವಳ ಕಿವಿ ಸರಿಯಾಗಿತ್ತು. ಅವಳಿಗೆ ಆ ಕಿವಿಯನ್ನು ನಂಬಬೇಡ ಎಂದು ಮೂರು ವಾರ ಕಲಿಸಿದವನು ನಾನು. 'ನಿನಗೆ ಅಲ್ಲಿ ಏನು ಕೇಳಿಸುತ್ತಿದೆ?' ಎಂಬ ಒಂದು ಪ್ರಶ್ನೆ ಮೊದಲ ದಿನವೇ ಇದನ್ನು ನಿವಾರಿಸುತ್ತಿತ್ತು.

ತಂತ್ರಾಂಶಗಳು ಧ್ವನಿಗೆ ಮಾಡುವ ವಿಕಾರ ಇಷ್ಟಕ್ಕೇ ನಿಲ್ಲುವುದಿಲ್ಲ. ದನಿ ತುಣುಕುಗಳಾಗಿ ಪ್ರಯಾಣ ಮಾಡುವುದರಿಂದ, ತುಣುಕುಗಳು ತಡವಾದಾಗ ಯಂತ್ರ ನಾದವನ್ನು ಅಳತೆ ಮೀರದಂತೆ ಎಳೆಯುತ್ತದೆ ಅಥವಾ ಕುಗ್ಗಿಸುತ್ತದೆ. ತುಣುಕು ಕಳೆದುಹೋದರೆ ಆ ಜಾಗವನ್ನು ತಾನೇ ಊಹಿಸಿ ತುಂಬುತ್ತದೆ. ಮಾತಿನಲ್ಲಿ ಇದು ಗೊತ್ತಾಗದೆ ಸಾಗುತ್ತದೆ. ತೋಡಿಯ ಗಾಂಧಾರದ ತೂಗಾಟದಲ್ಲಿ ಇಂಥ ಒಂದು ಎಳೆತ ಸಿಕ್ಕಿಕೊಂಡರೆ ಗಮಕವೇ ಬೇರೆಯಾಗಿ ಕೇಳುತ್ತದೆ. ಫೋನಿನ ಸಣ್ಣ ಸ್ಪೀಕರು ಮಂದ್ರಸ್ಥಾಯಿಯನ್ನು ಸರಿಯಾಗಿ ಹೊರಡಿಸಲಾರದು. ಜೂಮ್ ಸಂಸ್ಥೆ 2020ರಲ್ಲಿಯೇ ಸಂಗೀತಗಾರರಿಗಾಗಿ ಮೂಲಧ್ವನಿಯನ್ನು ಉಳಿಸುವ ಸೌಲಭ್ಯವನ್ನು ಉತ್ತಮಪಡಿಸಿತು. ಅದನ್ನು ಎರಡೂ ತುದಿಗಳಲ್ಲಿ ಆಯ್ಕೆ ಮಾಡಿಕೊಂಡರೆ ತಂಬೂರಿ ಉಳಿಯುತ್ತದೆ. ಇಷ್ಟಾದರೂ ಒಮ್ಮೆ ಕೇಳಿ ತೀರ್ಮಾನಿಸುವ ಹಕ್ಕನ್ನು ಗುರು ಈ ಮಾಧ್ಯಮದಲ್ಲಿ ಕಳೆದುಕೊಂಡಿದ್ದಾನೆ. 'ನನಗೆ ಗಾಂಧಾರ ನಿಂತಂತೆ ಕೇಳಿಸಿತು. ನೀನು ಹಾಗೆ ಹಾಡಿದೆಯಾ, ಇಲ್ಲಿ ಹಾಗೆ ಕೇಳಿಸಿತಾ?' ಎಂದು ವಿಚಾರಿಸಿ ಮುಂದುವರಿಯಬೇಕು. ರೋಜರ್ಸ್ ಹೇಳಿದ ಕ್ರಮವೂ ಇದೇ. ಇದರಿಂದ ಒಂದು ಅನಿರೀಕ್ಷಿತ ಲಾಭವಿದೆ: ಈ ಪ್ರಶ್ನೆಗೆ ಉತ್ತರಿಸಬೇಕಾದ ಶಿಷ್ಯೆ ತನ್ನ ಹಾಡಿಕೆಯನ್ನು ತಾನೇ ಕೇಳಿಕೊಳ್ಳಲು ಕಲಿಯುತ್ತಾಳೆ.

ಹಳ್ಳಿಗಳಲ್ಲಿ ಕಥೆ ಹೇಳುವವರ ಎದುರು ಹೂಂಗುಟ್ಟುವವರು ಒಬ್ಬರಿರಬೇಕು; ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಕಛೇರಿಯಲ್ಲಿ 'ಭಲೆ', ಪಾಠದಲ್ಲಿ ಗುರುವಿನ ಗಂಟಲಿನಿಂದ ಬರುವ ಸಣ್ಣ 'ಹ್ಞೂಂ', ಇವು ಅದೇ ಜಾತಿಗೆ ಸೇರಿದವು. ಇವುಗಳನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಹಾಡುವ ಮಗುವಿಗೆ ತನ್ನ ದನಿ ಎಲ್ಲಿಯೋ ತಲುಪುತ್ತಿದೆ ಎಂಬುದಕ್ಕೆ ಇರುವ ಏಕೈಕ ಆಧಾರ ಅವು. ಆನ್‌ಲೈನ್ ಪಾಠದಲ್ಲಿ ಹೂಂಗುಟ್ಟುವುದೂ ಅಪಾಯಕಾರಿ. ಎರಡು ದನಿಗಳು ಒಮ್ಮೆಲೇ ಬಂದರೆ ತಂತ್ರಾಂಶ ಒಂದನ್ನು ತಗ್ಗಿಸುತ್ತದೆ. ಗುರುವಿನ ಮೆಚ್ಚುಗೆಯ 'ಹ್ಞೂಂ' ಶಿಷ್ಯೆಯ ಸ್ವರವನ್ನೇ ಕತ್ತರಿಸಿಬಿಡುತ್ತದೆ. ಇದನ್ನು ಅರಿತ ಗುರು ಮೈಕ್ ಮುಚ್ಚಿಕೊಂಡು ಕೇಳುತ್ತಾನೆ. ಆಗ ಶಿಷ್ಯೆ ಮೌನದೊಳಕ್ಕೆ ಹಾಡುತ್ತಾಳೆ, ನಡುವೆ ನಿಲ್ಲಿಸಿ 'ಕೇಳಿಸ್ತಿದೆಯಾ ಸಾರ್?' ಎನ್ನುತ್ತಾಳೆ. ಈ ಪ್ರಶ್ನೆ ಸಂಪರ್ಕದ ಬಗ್ಗೆ ಮಾತ್ರ ಕೇಳಿದ್ದಲ್ಲ ಎಂದು ನನಗೆ ಅನ್ನಿಸಿದೆ. ಹೂಂಗುಟ್ಟುವಿಕೆ ಇಲ್ಲಿ ಕಣ್ಣಿಗೆ ಕಾಣುವಂತಾಗಬೇಕು. ತಲೆದೂಗುವುದು, ಸಂಗತಿ ಸರಿಬಂದ ಕಡೆ ಕೈ ಎತ್ತುವುದು, ಕಣ್ಣನ್ನು ಕ್ಯಾಮೆರಾದತ್ತ ಇಡುವುದು. ಪಾಠದ ನಡುವೆ ಇನ್ನೊಂದು ಸಂದೇಶ ಓದುವ ಗುರುವಿನ ಕಣ್ಣು ಸರಿದದ್ದನ್ನು ಮಕ್ಕಳು ತಪ್ಪದೆ ಗುರುತಿಸುತ್ತಾರೆ.

ಕ್ಯಾಮೆರಾ ಮುಚ್ಚಿದರೆ ಪಾಠವೇ ಸಾಧ್ಯವಿಲ್ಲ ಎಂಬ ದೂರನ್ನು ಇದರ ಜೊತೆಗೇ ಪರಿಶೀಲಿಸಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಯಿಲ್ಲದ ಅಸಂಖ್ಯ ಮಕ್ಕಳಿಗೆ ಹಾಡಿಕೆ, ವಾದ್ಯಗಳನ್ನು ಕಲಿಸಿದರು. ಎರಡೂ ಕಡೆ ಕಣ್ಣಿಲ್ಲದಿದ್ದರೂ ಗಮನ ದಾಟುತ್ತಿತ್ತು. ಆದುದರಿಂದ ಮುಖ ಕಾಣದಿರುವುದೇ ತೊಡಕಿನ ಮೂಲವೆನ್ನಲು ಬರುವುದಿಲ್ಲ. ಆದರೆ ಆಶ್ರಮದಲ್ಲಿ ಗುರು ಮತ್ತು ಮಕ್ಕಳು ಒಂದೇ ಸೂರಿನ ಕೆಳಗೆ ಬದುಕಿದರು. ಉಸಿರು, ಹೆಜ್ಜೆ, ಕೆಮ್ಮು ಎಲ್ಲವೂ ಕಿವಿಗೆ ಸುದ್ದಿ ಮುಟ್ಟಿಸುತ್ತಿದ್ದವು. ತಂತ್ರಾಂಶ ಮೊದಲು ಅಳಿಸುವುದು ಇಂಥ ಸದ್ದುಗಳನ್ನೇ. ಕ್ಯಾಮೆರಾ ಮುಚ್ಚಿದ ಮಗುವಿನ ಕಾರಣವನ್ನೂ ಕೇಳಿ ತಿಳಿಯಬೇಕಾಗುತ್ತದೆ. ಸದಾ ಮೆಲುದನಿಯಲ್ಲಿ ಹಾಡುತ್ತಿದ್ದ ಹುಡುಗನೊಬ್ಬನನ್ನು ದನಿ ಬಿಟ್ಟು ಹಾಡು ಎಂದು ಒತ್ತಾಯಿಸುತ್ತಿದ್ದೆ. ಅವನಿದ್ದುದು ಒಂದೇ ಕೋಣೆಯ ಮನೆ. ರಾತ್ರಿಪಾಳಿ ಮುಗಿಸಿ ಬಂದ ತಂದೆ ಪಕ್ಕದಲ್ಲಿ ಮಲಗಿರುತ್ತಿದ್ದರು.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆಯ ನಂತರ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆ, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾಗುತ್ತವೆ ಎಂದೂ ತೋರಿಸಿದರು. ಪ್ರಶ್ನೆ ಹೋಗಿ ಉತ್ತರ ಬರುವ ಪ್ರಯಾಣಕ್ಕೇ ಸಮಯ ವ್ಯಯವಾಗುವ ಆನ್‌ಲೈನ್ ಪಾಠದಲ್ಲಿ ಆ ಮೂರು ಸೆಕೆಂಡು ಇನ್ನೂ ಸ್ವಲ್ಪ ಬೆಳೆಯಬೇಕು. ಪರದೆಯ ಎದುರಿನ ಮೌನ ಕೋಣೆಯೊಳಗಿನ ಮೌನಕ್ಕಿಂತ ಉದ್ದವಾಗಿ ತೋರುತ್ತದೆ; ಅದನ್ನು ತುಂಬಿಬಿಡುವ ಆತುರ ನಮಗೆ.

ಗುಂಪುಪಾಠದ ಸ್ಥಿತಿ ಬೇರೆ. ಹತ್ತು ಹನ್ನೆರಡು ಮಕ್ಕಳು ಕೂಡಿ ಹಾಡುವಾಗ ಅಪಸ್ವರದ ಒಂದು ದನಿಯನ್ನು ಹೆಕ್ಕಿ ತೆಗೆಯುವುದು ಅನುಭವಿ ಗುರುವಿನ ಕಿವಿಗೆ ಸಾಧ್ಯ. ಆನ್‌ಲೈನಿನಲ್ಲಿ ಎಲ್ಲರ ಮೈಕನ್ನೂ ಮುಚ್ಚಿಸಿ ಗುರು ಹಾಡಿ, ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಹಾಡಿಕೊಳ್ಳುವ ಕ್ರಮ ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಇದು ಪಾಠವಲ್ಲ; ರೇಡಿಯೊ ಪ್ರಸಾರ. ಒಬ್ಬೊಬ್ಬರನ್ನೇ ಹಾಡಿಸಿ, ಉಳಿದವರಲ್ಲಿ ಒಬ್ಬರನ್ನು 'ಅವಳು ಎಲ್ಲಿ ಉಸಿರು ತೆಗೆದುಕೊಂಡಳು?' ಎಂದು ಕೇಳುವ ಪದ್ಧತಿಯಲ್ಲಿ ಪಾಠ ನಿಧಾನವಾದರೂ ಮಕ್ಕಳು ಪರಸ್ಪರ ಆಲಿಸತೊಡಗುತ್ತಾರೆ. ವಾಟ್ಸಾಪ್‌ನಲ್ಲಿ ಕಳುಹಿಸುವ ಧ್ವನಿಮುದ್ರಿಕೆಯೂ ಉಪಯುಕ್ತ. ಅಲ್ಲಿ ವಿಳಂಬದ ಕಾಟವಿಲ್ಲ, ಗುರು ಒಂದೇ ಸಾಲನ್ನು ನಾಲ್ಕು ಬಾರಿ ಕೇಳಬಹುದು. ಕೋಣೆಯ ಪಾಠದಲ್ಲಿಯೂ ನಾನು ಯಾವ ಶಿಷ್ಯನನ್ನೂ ಇಷ್ಟು ಎಚ್ಚರದಿಂದ ಕೇಳಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಮಕ್ಕಳು ಹತ್ತು ಸಲ ಹಾಡಿ ಒಳ್ಳೆಯದೊಂದನ್ನೇ ಕಳುಹಿಸುತ್ತಾರೆ ಎಂಬ ಆಕ್ಷೇಪವುಂಟು. ಹಾಗೆ ಆರಿಸಬೇಕಾದರೆ ಅವರು ಹತ್ತನ್ನೂ ಕೇಳಿರಲೇಬೇಕಲ್ಲವೆ?

ಸಿಂಗಪುರದ ಆ ಹುಡುಗಿ 2023ರ ಬೇಸಿಗೆಯಲ್ಲಿ ಅಜ್ಜಿಯೊಡನೆ ಮೈಸೂರಿಗೆ ಬಂದು ನನ್ನೆದುರು ಚಾಪೆಯ ಮೇಲೆ ಕುಳಿತಳು. ಒಂದೇ ತಂಬೂರಿ ಹಾಕಿಕೊಂಡು ಮೊದಲ ಬಾರಿಗೆ ಇಬ್ಬರೂ ಜೊತೆಯಾಗಿ ಹಾಡಿದೆವು. ತಾರಷಡ್ಜ ಮುಟ್ಟುವಾಗ ಅವಳ ದನಿ ಹಿಗ್ಗುವುದನ್ನು ನಾನು ಮೂರು ವರ್ಷಗಳಲ್ಲಿ ಅಂದೇ ಕೇಳಿದ್ದು. ಏರನ್ನೂ ಇಳಿವನ್ನೂ ಒಂದೇ ಮಟ್ಟಕ್ಕೆ ತರುವ ತಂತ್ರಾಂಶ ಅದುವರೆಗೆ ಅದನ್ನು ತಡೆಹಿಡಿದಿತ್ತು. ಅವಳೂ ಹಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಮಂದ್ರಪಂಚಮ ಅಷ್ಟು ಕೆಳಗೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲವಂತೆ.